ನಾರ್ಮಂಡಿಗೆ ಹೊರಡುವ ಮುನ್ನ ಉಬ್ಬರದ ಪಟ್ಟಿ ನೋಡಿ

ಪ್ಯಾರಿಸ್‌ಗೆ ಹೋದವರಲ್ಲಿ ಹಲವರು ನಾರ್ಮಂಡಿ ಕರಾವಳಿಯನ್ನು ಒಂದೇ ದಿನದಲ್ಲಿ ಮುಗಿಸಲು ನೋಡುತ್ತಾರೆ. ಬೆಳಗ್ಗೆ ಬಸ್ ಹತ್ತಿ, ಮಾಂ ಸೇಂ ಮಿಷೆಲ್ ದ್ವೀಪದ ಮುಂದೆ ಫೋಟೊ ತೆಗೆಸಿಕೊಂಡು ರಾತ್ರಿ ವಾಪಸ್. ಹೋಗಿಬರುವ ದಾರಿಗೇ ಎಂಟೊಂಬತ್ತು ತಾಸು. ಅಷ್ಟೆಲ್ಲ ಕೂತು ಹೋದರೂ ಕಾಣುವುದು ಅರ್ಧ ಕರಾವಳಿ ಮಾತ್ರ, ಉಳಿದರ್ಧ ಆ ಹೊತ್ತಿಗೆ ನೀರಿನಡಿ ಇರಬಹುದು. ಈ ಸೀಮೆಯಲ್ಲಿ ಏನನ್ನು ಯಾವಾಗ ನೋಡಬೇಕೆಂದು ತೀರ್ಮಾನಿಸುವುದು ಸಮುದ್ರ. ಮೂರು ರಾತ್ರಿಯಾದರೂ ಇಟ್ಟುಕೊಳ್ಳಿ.

ಕಾಗದಪತ್ರದ ಕೆಲಸ ಮೊದಲು. ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು. ಎರಡು ತಿಂಗಳಿಗಿಂತ ತಡ ಮಾಡಬೇಡಿ. 30,000 ಯೂರೊ ವೈದ್ಯಕೀಯ ರಕ್ಷಣೆಯುಳ್ಳ ಪ್ರವಾಸ ವಿಮೆ ಕಡ್ಡಾಯ. ಕಾರು ಓಡಿಸುವ ಇರಾದೆಯಿದ್ದರೆ ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಪಡೆದಿರಿ.

ಇನ್ನು ತಂಗುವ ಊರು. ಪ್ಯಾರಿಸ್‌ನ ಸೇಂ ಲಾಜಾರ್ ನಿಲ್ದಾಣದಿಂದ ರೈಲು ಹತ್ತಿದರೆ ಎರಡು, ಎರಡೂವರೆ ತಾಸಿನಲ್ಲಿ ಬಾಯೊ ಬರುತ್ತದೆ. ಫಲಕದ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ನಮ್ಮಂತೆ ಓದಿದರೆ ‘ಬೇಯಕ್ಸ್’ ಎಂದಾಗುತ್ತದೆ, ಇಳಿಯದೆ ಮುಂದೆ ಹೋದೀರಿ! ಎರಡನೆಯ ಮಹಾಯುದ್ಧದಲ್ಲಿ, 1944ರ ಜೂನ್ 7ರಂದೇ, ಹೆಚ್ಚು ಪೆಟ್ಟು ತಿನ್ನದೆ ಜರ್ಮನ್ನರ ಹಿಡಿತದಿಂದ ಬಿಡುಗಡೆಯಾದ ಊರಿದು. ಪಕ್ಕದ ಕಾಂ ನಗರ ಬಾಂಬಿಗೆ ಸಿಕ್ಕು ಬಹುಪಾಲು ನೆಲಸಮವಾಯಿತು. ಇಲ್ಲಿ ಹಳೆಯ ಕಲ್ಲುಮನೆಗಳೂ 1077ರಲ್ಲಿ ಪ್ರತಿಷ್ಠೆಯಾದ ಕೆಥೆಡ್ರಲ್ಲೂ ಉಳಿದಿವೆ. ಊರಿಗೆ ಹೆಸರು ತಂದದ್ದು 1066ರಲ್ಲಿ ನಾರ್ಮಂಡಿಯ ದೊರೆ ವಿಲಿಯಂ ಇಂಗ್ಲೆಂಡನ್ನು ಗೆದ್ದ ಕಥೆಯನ್ನು ಉಣ್ಣೆದಾರದಲ್ಲಿ ಕಸೂತಿ ಹಾಕಿದ, ಸುಮಾರು 70 ಮೀಟರ್ ಉದ್ದದ ನಾರುಬಟ್ಟೆ. ಅದರ ವಸ್ತುಸಂಗ್ರಹಾಲಯ ನವೀಕರಣಕ್ಕಾಗಿ 2025ರ ಸೆಪ್ಟೆಂಬರ್‌ನಲ್ಲಿ ಮುಚ್ಚಿತು. 2027ರಲ್ಲಿ ತೆರೆಯುವ ಯೋಜನೆಯಿದೆ. ಅದೊಂದಕ್ಕೇ ಹೋಗುವವರು ಖಚಿತಪಡಿಸಿಕೊಂಡು ಟಿಕೆಟ್ ಮಾಡಿಸಿ.

ಈಗ ಮುಖ್ಯ ಪಾಠ. ಪ್ರವಾಸಿ ಮಾಹಿತಿ ಕಚೇರಿಯಲ್ಲಿ ಉಬ್ಬರವಿಳಿತದ ವೇಳಾಪಟ್ಟಿ ಕೇಳಿ ಪಡೆಯಿರಿ. ಅದರಲ್ಲಿ ‘ಪಿಎಂ’, ‘ಬಿಎಂ’ ಎಂಬ ಎರಡು ಕಾಲಂಗಳಿರುತ್ತವೆ. ಪಿಎಂ ಎಂದರೆ ಮಧ್ಯಾಹ್ನದ ನಂತರ ಎಂದುಕೊಂಡಿರೋ, ಕೆಟ್ಟಿರಿ. ಅದು ‘ಪ್ಲೆನ್ ಮೆರ್’, ತುಂಬಿದ ಕಡಲು. ಬಿಎಂ ಎಂದರೆ ‘ಬಾಸ್ ಮೆರ್’, ಇಳಿದ ಕಡಲು. ಗಂಟೆಗಳು 24ರ ಲೆಕ್ಕದಲ್ಲಿರುತ್ತವೆ. ಪಕ್ಕದಲ್ಲಿ 20ರಿಂದ 120ರವರೆಗಿನ ಒಂದು ಅಂಕಿ ಇರುತ್ತದೆ, ಆ ದಿನದ ಉಬ್ಬರದ ಜೋರು ಎಷ್ಟೆಂಬುದನ್ನು ಅದು ಹೇಳುತ್ತದೆ. ಹುಣ್ಣಿಮೆ, ಅಮಾವಾಸ್ಯೆ ಕಳೆದ ಒಂದೆರಡು ದಿನಕ್ಕೆ ಈ ಅಂಕಿ ಏರುತ್ತದೆ. ಮಾರ್ಚ್, ಸೆಪ್ಟೆಂಬರ್ ತಿಂಗಳುಗಳಲ್ಲಿ ಇನ್ನೂ ಹೆಚ್ಚು. ಅಂದರೆ ಅಡುಗೆಮನೆಯ ಗೋಡೆಯ ಕ್ಯಾಲೆಂಡರ್ ನೋಡಿಯೇ ಪ್ರವಾಸದ ದಿನ ಗೊತ್ತುಮಾಡಬಹುದು. ನಮ್ಮ ಕರಾವಳಿಯಲ್ಲಿ ನೀರು ಏರಿಳಿಯುವುದು ಒಂದೆರಡು ಮೀಟರ್. ಮಾಂ ಸೇಂ ಮಿಷೆಲ್ ಕೊಲ್ಲಿಯಲ್ಲಿ 14 ಮೀಟರಿನವರೆಗೂ ಹೋಗುತ್ತದೆ.

ಮೊದಲ ದಿನವನ್ನು ಒಮಾಹಾ ಕಡಲತೀರಕ್ಕೆ ಕೊಡಿ, ಬಿಎಂ ಗಂಟೆಗೆ ಸರಿಯಾಗಿ ಅಲ್ಲಿರಿ. ಮರಳಿನ ಮೇಲೆ ನೀರಿನಂಚಿನವರೆಗೆ ನಡೆದು, ಕಡಲಿಗೆ ಬೆನ್ನುಮಾಡಿ ನಿಂತು ದಿಬ್ಬದತ್ತ ನೋಡಿ. 1944ರ ಜೂನ್ 6ರ ಬೆಳಗ್ಗೆ ಆರೂವರೆಗೆ ಅಮೆರಿಕದ ಸೈನಿಕರು ಇಳಿದಾಗಲೂ ನೀರು ಹೀಗೆಯೇ ಹಿಂದೆ ಸರಿದಿತ್ತು. ಜರ್ಮನ್ನರು ಮರಳಿನಲ್ಲಿ ನೆಟ್ಟಿದ್ದ ಅಡೆತಡೆಗಳು ಕಣ್ಣಿಗೆ ಬೀಳಲಿ ಎಂದು ಇಳಿತದ ಹೊತ್ತನ್ನೇ ಆರಿಸಿಕೊಂಡಿದ್ದರು. ಅದಕ್ಕೆ ತೆತ್ತ ಬೆಲೆ, ಮರೆಯೇ ಇಲ್ಲದ ಆ ಬಯಲು. ಈಗ ದಿಬ್ಬದತ್ತ ನಡೆಯಿರಿ. ಒದ್ದೆ ಮರಳಿನಲ್ಲಿ ಹಿಮ್ಮಡಿ ಹೂಳುತ್ತದೆ, ಕೈಬೀಸಿ ನಡೆದರೂ ನಿಮಿಷಗಳೇ ಬೇಕು. ಉಬ್ಬರದಲ್ಲಿ ಬಂದವರಿಗೆ ಕಾಣುವುದು ಬರೀ ಒಂದು ಚೆಂದದ ಬೀಚು. ಮೇಲೆ ಕೊಲೆವಿಲ್‌ನ ಸ್ಮಶಾನದಲ್ಲಿ 9,300ಕ್ಕೂ ಹೆಚ್ಚು ಬಿಳಿ ಅಮೃತಶಿಲೆಯ ಗುರುತುಗಳು ಪಶ್ಚಿಮಕ್ಕೆ, ಅಂದರೆ ಅಮೆರಿಕದ ಕಡೆಗೆ, ಮುಖಮಾಡಿ ನಿಂತಿವೆ. ಪ್ರವೇಶ ಉಚಿತ. ಹೊತ್ತಿದ್ದರೆ ಲಾ ಕಾಂಬ್‌ನ ಜರ್ಮನ್ ಸ್ಮಶಾನಕ್ಕೂ ಹೋಗಿ. 21,000ಕ್ಕೂ ಹೆಚ್ಚು ಮಂದಿ ಮಲಗಿರುವ ಅಲ್ಲಿಗೆ ಬಸ್ಸುಗಳು ಬರುವುದು ಕಡಿಮೆ.

ಎರಡನೆಯ ದಿನ ಆರೊಮಾಂಶ್. ಇಂಗ್ಲೆಂಡಿನಲ್ಲಿ ಕಟ್ಟಿ, ಕಡಲ ಮೇಲೆ ಎಳೆದು ತಂದು ಮುಳುಗಿಸಿದ ಕಾಂಕ್ರೀಟ್ ಪೆಟ್ಟಿಗೆಗಳ, ಮಿತ್ರಪಡೆಗಳ ಕೃತಕ ಬಂದರಿನ ಅವಶೇಷ ಅಲ್ಲಿದೆ. ಇದಕ್ಕೂ ಇಳಿತವೇ ಬೇಕು. ಆಗ ಕೆಲವನ್ನು ಮುಟ್ಟಿಯೇ ನೋಡಬಹುದು. ಲೋಂಗ್ ಸ್ಯುರ್ ಮೆರ್‌ನ ಜರ್ಮನ್ ಫಿರಂಗಿಗಳನ್ನು ಉಬ್ಬರದ ಹೊತ್ತಿಗೆ ಉಳಿಸಿಕೊಳ್ಳಿ, ಅವು ಎಲ್ಲಿಗೂ ಹೋಗುವುದಿಲ್ಲ. ಸಂಜೆ ಬಾಯೊದ ಕಾಮನ್‌ವೆಲ್ತ್ ಸ್ಮಶಾನದ ಎದುರಿನ ಸ್ಮಾರಕ ನೋಡಿ. ಒಮ್ಮೆ ವಿಲಿಯಂಗೆ ಸೋತ ನಾವು ಈಗ ಆ ವಿಜೇತನ ತಾಯ್ನೆಲವನ್ನು ಬಿಡಿಸಿದೆವು ಎಂಬರ್ಥದ ಲ್ಯಾಟಿನ್ ಸಾಲು ಅದರ ಮೇಲಿದೆ. ಕಸೂತಿ ಬಟ್ಟೆ ನೋಡಲು ಸಿಗದವರಿಗೆ ಆ ಒಂದು ಸಾಲು ಸ್ವಲ್ಪ ಸಮಾಧಾನ.

ಊಟದ ವಿಷಯ. ಮಧ್ಯಾಹ್ನ ಎರಡು ದಾಟಿದರೆ ಹೆಚ್ಚಿನ ಅಡುಗೆಮನೆಗಳು ಮುಚ್ಚುತ್ತವೆ, ಮತ್ತೆ ಒಲೆ ಹೊತ್ತುವುದು ಏಳಕ್ಕೆ. ಸಸ್ಯಾಹಾರಿಗಳನ್ನು ಕಾಯುವುದು ಗಾಲೆಟ್, ಬಕ್‌ವೀಟ್ ಹಿಟ್ಟಿನ ಗರಿಗರಿ ತೆಳುದೋಸೆ. ಒಳಗೆ ಹಂದಿಮಾಂಸ ಇಟ್ಟು ಮಡಚುವುದು ರೂಢಿಯಾದ್ದರಿಂದ ‘ಸಾಂ ಜಾಂಬೋಂ’ ಎಂದು ಮೊದಲೇ ಹೇಳಿ. ಸಾಂಪ್ರದಾಯಿಕ ಕಮೆಂಬೇರ್ ಚೀಸ್‌ಗೆ ಹಾಲೊಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆಂಬುದು ಕಟ್ಟುನಿಟ್ಟಿನವರಿಗೆ ತಿಳಿದಿರಲಿ.

ಮೂರನೆಯ ದಿನ ಮಾಂ ಸೇಂ ಮಿಷೆಲ್. ಬಾಯೊದಿಂದ ಕಾರಿನಲ್ಲಿ ಒಂದೂವರೆ ತಾಸು. ರೈಲಿನಲ್ಲಾದರೆ ಪೊಂತೊರ್ಸೊನ್‌ನಲ್ಲಿ ಇಳಿದು ಬಸ್. ಇಲ್ಲಿ ಲೆಕ್ಕ ತಿರುವುಮುರುವು: ಬೇಕಾದದ್ದು ಉಬ್ಬರ. ಪಟ್ಟಿಯ ಅಂಕಿ 110 ದಾಟಿದ ದಿನ 2014ರಲ್ಲಿ ತೆರೆದ ಸೇತುವೆಯ ತುದಿಯೂ ಸ್ವಲ್ಪ ಹೊತ್ತು ಮುಳುಗಿ, ಗುಡ್ಡ ನಿಜಕ್ಕೂ ದ್ವೀಪವಾಗುತ್ತದೆ. ಪಿಎಂಗೆ ಎರಡು ತಾಸು ಮೊದಲೇ ಕೋಟೆಗೋಡೆ ಹತ್ತಿ ಕಾಯಿರಿ. ಮೊದಲು ದೂರದಲ್ಲೊಂದು ಬೆಳ್ಳಿಗೆರೆ, ಆಮೇಲೆ ಮರಳಿನ ಕಾಲುವೆಗಳಲ್ಲಿ ಹಿಂದಕ್ಕೆ ಹರಿಯುವ ನೀರು. ಗೈಡ್ ಇಲ್ಲದೆ ಕೊಲ್ಲಿಯ ಮರಳಿಗೆ ಮಾತ್ರ ಇಳಿಯಬೇಡಿ. ಹುದುಲಿದೆ, ನೀರು ಹಿಂದಿನಿಂದಲೂ ಸುತ್ತುವರಿಯುತ್ತದೆ. ಕಾರು ನಿಲ್ಲಿಸುವ ಜಾಗ ಎರಡೂವರೆ ಕಿಲೋಮೀಟರ್ ದೂರ. ಕೊನೆಯ ಷಟಲ್ ಬಸ್ ಎಷ್ಟು ಗಂಟೆಗೆಂದು ಇಳಿಯುವಾಗಲೇ ಚಾಲಕರನ್ನು ಕೇಳಿಟ್ಟುಕೊಳ್ಳಿ.