ಐಬಿಡಿ ಇರೋರು ಕೊಲೊನೋಸ್ಕೋಪಿ, ಸ್ಟೂಲ್ ಟೆಸ್ಟ್, ಸ್ಕ್ಯಾನ್‌ಗೆ ಹೋಗೋ ಮುಂಚೆ ತಿಳ್ಕೊಂಡಿರ್ಬೇಕಾದ್ದು

ಕೊಲೊನೋಸ್ಕೋಪಿಗೆ, ಅಂದ್ರೆ ಹಿಂಭಾಗದಿಂದ ಕ್ಯಾಮೆರಾ ಇರೋ ಕೊಳವೆ (ಸ್ಕೋಪ್) ಹಾಕಿ ದೊಡ್ಡ ಕರುಳು ನೋಡೋ ಟೆಸ್ಟ್‌ಗೆ, ಡೇಟ್ ಕೊಟ್ಟಾಗ ಕೈಗೊಂದು ಚೀಟಿ ಕೊಡ್ತಾರಲ್ಲ, ಎಷ್ಟು ಗಂಟೆಗೆ ಕರುಳು ಖಾಲಿ ಮಾಡೋ ಪೌಡರ್ ಕುಡೀಬೇಕು ಏನು ತಿನ್ಬಾರ್ದು ಅಂತ ಪ್ರಿಂಟ್ ಆಗಿರೋದು, ಅದು ಎಲ್ಲರಿಗೂ ಒಂದೇ ಚೀಟಿ. ಕರುಳಿಗೆ ಏನೂ ಆಗದೆ ಸುಮ್ನೆ ಒಂದ್ಸಲ ಚೆಕ್ ಮಾಡಿಸ್ಕೊಳ್ಳೋಕೆ ಬಂದವರಿಗೂ ಅದೇ, ವರ್ಷಗಟ್ಟಲೆ ಐಬಿಡಿ, ಅಂದ್ರೆ ಕರುಳಲ್ಲಿ ಉರಿಯೂತ ತರೋ ಕ್ರೋನ್ಸ್ ಅಥವಾ ಅಲ್ಸರೇಟಿವ್ ಕೊಲೈಟಿಸ್ ಕಾಯಿಲೆ ಇಟ್ಕೊಂಡು ಓಡಾಡ್ತಿರೋ ನಮಗೂ ಅದೇ. ನನಗೆ ಕ್ರೋನ್ಸ್, 11 ವರ್ಷ ಆಯ್ತು, ಸಣ್ಣ ಕರುಳಿನ ಕೊನೇಲೂ ಇದೆ ದೊಡ್ಡ ಕರುಳಲ್ಲೂ ಇದೆ. ಆ ಚೀಟೀಲಿ ಇಲ್ಲದೇ ಇರೋದನ್ನ ಇಲ್ಲಿ ಬರೀತಿದೀನಿ. ಡಾಕ್ಟರ್ ಹೇಳಿದ್ದನ್ನ ಬಿಟ್ಟು ಇದನ್ನ ಮಾಡಿ ಅಂತಲ್ಲ, ಡಾಕ್ಟರ್ ಹತ್ರ ಏನೇನು ಕೇಳ್ಬೇಕು ಅಂತ ಮೊದಲೇ ಗೊತ್ತಿರ್ಲಿ ಅಂತ.

ಮೊದಲು ಒಂದು ವಿಷಯ. ಟೆಸ್ಟ್ ಬುಕ್ ಮಾಡೋವಾಗ ಫೋನ್ ಎತ್ತಿದವರಿಗೆ, ಹೋದ ದಿನ ನರ್ಸ್‌ಗೆ, ಆಮೇಲೆ ಮಂಪರು ಬರಿಸೋ ಇಂಜೆಕ್ಷನ್ ಕೊಡೋ ಡಾಕ್ಟರ್‌ಗೆ, ಮೂರೂ ಜನಕ್ಕೂ ಬಾಯಿಬಿಟ್ಟು ಹೇಳಿ: ನನಗೆ ಐಬಿಡಿ ಇದೆ, ಇಂಥ ಮಾತ್ರೆ ತಗೋತಿದೀನಿ, ಇಂಥ ಆಪರೇಷನ್ ಆಗಿದೆ, ಕರುಳು ಇಲ್ಲಿ ಕಿರಿದಾಗಿದೆ ಅಂತ. ಫೈಲಲ್ಲಿ ಇದೆಯಲ್ಲ ಅಂದ್ಕೋಬೇಡಿ, ಫೈಲ್ ಎಲ್ಲರೂ ಓದಿರಲ್ಲ.

ಇದನ್ನ ಇಷ್ಟು ಒತ್ತಿ ಹೇಳೋದಕ್ಕೆ ಕಾರಣ ಇದೆ. ನನ್ನ ಎರಡನೇ ಕೊಲೊನೋಸ್ಕೋಪಿ ಟೈಮಲ್ಲಿ ರಕ್ತ ಕಮ್ಮಿ ಇದೆ ಅಂತ ಐರನ್ ಮಾತ್ರೆ ನಡೀತಿತ್ತು. ನಮ್ಮಲ್ಲಿ ತುಂಬ ಜನಕ್ಕೆ ಇದು ಇದ್ದದ್ದೇ, ಕರುಳಿಂದ ರಕ್ತ ಹೋಗ್ತಾ ಇರತ್ತೆ, ಹೀರ್ಕೊಳ್ಳೋದೂ ಸರಿಯಾಗಿ ಆಗಲ್ಲ. ಆ ಮಾತ್ರೆ ನಿಲ್ಲಿಸ್ಬೇಕು ಅಂತ ಯಾರೂ ಹೇಳ್ಲಿಲ್ಲ, ಚೀಟೀಲೂ ಇರ್ಲಿಲ್ಲ. ರಾತ್ರಿಯೆಲ್ಲ ಕೂತು ಪೌಡರ್ ನೀರು ಕುಡಿದು ಬೆಳಗ್ಗೆ ಹೋಗಿ ಮಲಗಿದ್ರೆ, ಎದ್ದ ಮೇಲೆ ಹೇಳ್ತಾರೆ, ಒಳಗೆ ಕರೀ ಅಂಟು ಮೆತ್ಕೊಂಡಿದೆ, ಏನೂ ಸರಿಯಾಗಿ ಕಾಣ್ಲಿಲ್ಲ, ಮತ್ತೆ ಮಾಡ್ಬೇಕು ಅಂತ. ಐರನ್ ಮಲನ ಕಪ್ಪು ಮಾಡಿ ಅಂಟು ಅಂಟು ಮಾಡತ್ತೆ, ಕರುಳಿನ ಗೋಡೆಗೆ ಹಿಡ್ಕೊಂಡ್ರೆ ನೀರಿಗೂ ಬಿಡಲ್ಲ. ಸಾಮಾನ್ಯವಾಗಿ 5ರಿಂದ 7 ದಿನ ಮುಂಚೆ ನಿಲ್ಲಿಸೋಕೆ ಹೇಳ್ತಾರೆ. ನೀವು ಐರನ್ ತಗೋತಿದ್ರೆ ಇವತ್ತೇ ಕೇಳಿ ಇಟ್ಕೊಳ್ಳಿ.

ಈಗ ಸ್ಟೂಲ್ ಟೆಸ್ಟ್, ಅದರಲ್ಲೂ ಕ್ಯಾಲ್‌ಪ್ರೊಟೆಕ್ಟಿನ್. ಇದು ಬಿಳಿ ರಕ್ತಕಣಗಳ ಒಳಗಿರೋ ಒಂದು ಪ್ರೋಟೀನ್, ಕರುಳಲ್ಲಿ ಉರಿಯೂತ ಇದ್ದಾಗ ಆ ಕಣಗಳು ಅಲ್ಲಿಗೆ ನುಗ್ಗಿ ಬರ್ತಾವೆ, ಅಲ್ಲಿಂದ ಮಲಕ್ಕೆ ಸೇರ್ಕೊಳ್ಳತ್ತೆ. ಒಂದು ಗ್ರಾಂಗೆ 50 ಮೈಕ್ರೋಗ್ರಾಂ ಒಳಗಿದ್ರೆ ಸಾಮಾನ್ಯವಾಗಿ ನಾರ್ಮಲ್ ಅಂತಾರೆ, 250 ದಾಟಿದ್ರೆ ಒಳಗೆ ಕಾಯಿಲೆ ಎದ್ದಿರೋ ಸಾಧ್ಯತೆ ಹೆಚ್ಚು, ಮಧ್ಯೆ ಬಂದ್ರೆ ಸ್ವಲ್ಪ ದಿನ ಬಿಟ್ಟು ಇನ್ನೊಂದ್ಸಲ ಮಾಡಿಸಿ ಹೋಲಿಸಿ ನೋಡ್ತಾರೆ. ಲ್ಯಾಬಿಂದ ಲ್ಯಾಬಿಗೆ ಅಳತೆ ಬೇರೆ ಇರತ್ತೆ, ಹಾಗಾಗಿ ಆದಷ್ಟು ಒಂದೇ ಲ್ಯಾಬಲ್ಲಿ ಮಾಡಿಸಿ, ಇಲ್ಲಾಂದ್ರೆ ಏರಿದ್ಯೋ ಇಳಿದಿದ್ಯೋ ಗೊತ್ತಾಗಲ್ಲ. ಬೆಳಗ್ಗೆ ಮೊದಲ ಸಲ ಹೋದಾಗಿಂದೇ ತಗೊಳ್ಳಿ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆ ತಗೊಂಡಿದ್ರೆ ಕಾಯಿಲೆ ಏಳದೇ ಇದ್ರೂ ನಂಬರ್ ಮೇಲೆ ಹೋಗಬಹುದು, ಆ ಮಾತ್ರೆಗಳು ನಮಗೆ ಹೇಗೂ ಒಳ್ಳೇದಲ್ಲ, ತಗೊಂಡಿದ್ರೆ ಮುಚ್ಚಿಡದೆ ಹೇಳಿ.

ಸ್ಯಾಂಪಲ್ ತಗೊಳ್ಳೋದು ಮುಜುಗರ ಅಂತ ಮುಂದೂಡೋರು ತುಂಬ ಜನ ಇದಾರೆ, ನಾನೂ ಒಂದು ತಿಂಗಳು ಡಬ್ಬಿನ ಹಾಗೇ ಇಟ್ಕೊಂಡಿದ್ದೆ. ಮಾಡೋದು ಸುಲಭ. ಮೊದಲು ಮೂತ್ರ ಮಾಡಿ ಮುಗಿಸ್ಕೊಳ್ಳಿ, ಒಂದು ಅಗಲವಾದ ಬಳಸಿ ಬಿಸಾಡೋ ಡಬ್ಬದಲ್ಲಿ ಹಿಡ್ಕೊಳ್ಳಿ, ನೀರಿಗೆ ಬೀಳ್ಬಾರ್ದು, ಮುಚ್ಚಳದಲ್ಲೇ ಇರೋ ಚಿಕ್ಕ ಚಮಚದಲ್ಲಿ ಎರಡು ಮೂರು ಕಡೆಯಿಂದ ಸ್ವಲ್ಪ ಸ್ವಲ್ಪ ತೆಗೆದು ಹಾಕಿ, ಡಬ್ಬಿ ತುಂಬಿಸೋದು ಬೇಡ. ಹೆಸರು ತಾರೀಖು ಬರೆದು ಅವತ್ತೇ ಕೊಟ್ಟುಬಿಡಿ. ಹಾಗೇ ಇದ್ದಕ್ಕಿದ್ದಂಗೆ ಭೇದಿ ಜಾಸ್ತಿ ಆಗಿದ್ರೆ ಇನ್ಫೆಕ್ಷನ್‌ಗೂ ಟೆಸ್ಟ್ ಮಾಡ್ತೀರಾ ಅಂತ ಕೇಳಿ, ಮುಖ್ಯವಾಗಿ ಸಿ ಡಿಫಿಸಿಲ್ ಅನ್ನೋ ಬ್ಯಾಕ್ಟೀರಿಯಾಗೆ. ನಮ್ಮಂಥವರಿಗೆ ಅದು ಬೇಗ ಹಿಡಿಯತ್ತೆ, ನೋಡೋಕೆ ಥೇಟ್ ಫ್ಲೇರ್ (ಕಾಯಿಲೆ ಮತ್ತೆ ಏಳೋದು) ಥರಾನೇ ಇರತ್ತೆ, ಆದ್ರೆ ಔಷಧಿ ಬೇರೆ.

ಕೊಲೊನೋಸ್ಕೋಪಿಗೆ ಬರೋಣ. ಟೆಸ್ಟ್ ಏನೂ ಅಲ್ಲ, ಹಿಂದಿನ ದಿನಾನೇ ಕಷ್ಟ. ಯಾವ ಪೌಡರ್ ಅಂತ ಕೇಳಿ, ಪಾಲಿಎಥಿಲೀನ್ ಗ್ಲೈಕಾಲ್ ಇರೋದನ್ನೇ ನಮಗೆ ಸಾಮಾನ್ಯವಾಗಿ ಕೊಡೋದು. ಸೋಡಿಯಂ ಫಾಸ್ಫೇಟ್ ಇರೋವು ಕರುಳಿನ ಒಳಪದರದಲ್ಲಿ ತಾವೇ ಚಿಕ್ಕ ಚಿಕ್ಕ ಹುಣ್ಣು ಮಾಡಬಹುದು, ಅದು ನೋಡೋರಿಗೆ ಕ್ರೋನ್ಸ್ ಹುಣ್ಣಿನ ಥರಾನೇ ಕಾಣತ್ತೆ, ಕಿಡ್ನಿಗೂ ಒಳ್ಳೇದಲ್ಲ. ಚೀಟಿ ಬರೆಯೋವಾಗ ಇದನ್ನ ಯಾರು ಯೋಚಿಸಿರ್ತಾರೆ ಹೇಳಿ, ನಾವೇ ಕೇಳ್ಬೇಕು.

ಕರುಳು ಎಲ್ಲಾದ್ರೂ ಕಿರಿದಾಗಿದೆ ಅಂತ ಹಿಂದೆ ಹೇಳಿದ್ರೆ ಪೌಡರ್ ಶುರು ಮಾಡೋ ಮುಂಚೇನೇ ಡಾಕ್ಟರ್ ಹತ್ರ ಮಾತಾಡಿ. ಕುಡೀತಾ ಇರೋವಾಗ ಹೊಟ್ಟೆ ಗಟ್ಟಿಯಾಗಿ ಉಬ್ಬಿ, ವಾಂತಿ ಆಗ್ತಾ, ಕೆಳಗಡೆ ಏನೂ ಹೋಗ್ತಾ ಇಲ್ಲ ಅಂದ್ರೆ ಅಲ್ಲಿಗೇ ನಿಲ್ಲಿಸಿ ಫೋನ್ ಮಾಡಿ, ಇನ್ನೊಂದು ಗ್ಲಾಸ್ ಕುಡಿದ್ರೆ ಸರಿ ಹೋಗತ್ತೆ ಅಂತ ಕಾಯ್ಬೇಡಿ. ಇನ್ನು ಜೋರಾಗಿ ಫ್ಲೇರ್ ಇದ್ದಾಗ ಪೂರ್ತಿ ಕೊಲೊನೋಸ್ಕೋಪಿ ಮಾಡಿದ್ರೆ ಕರುಳು ತೂತಾಗೋ ಅಪಾಯ ಹೆಚ್ಚು, ಆಗ ಕೊನೆ ಭಾಗ ಮಾತ್ರ ನೋಡೋ ಸಿಗ್ಮಾಯ್ಡೋಸ್ಕೋಪಿ ಮಾಡ್ತಾರೆ, ಅದಕ್ಕೆ ಬಾಯಿಂದ ಪೌಡರ್ ಕುಡಿಯೋ ಕಾಟ ಹೆಚ್ಚಾಗಿ ಇರಲ್ಲ. ಅದೇ ಸಾಕಾಗತ್ತಾ ಅಂತ ಕೇಳೋದ್ರಲ್ಲಿ ತಪ್ಪೇನಿಲ್ಲ.

ಎರಡು ಮೂರು ದಿನ ಮುಂಚಿಂದ ಬೀಜ, ಸಿಪ್ಪೆ, ನಾರು ಇರೋದನ್ನ ಬಿಡಿ. ಹಿಂದಿನ ದಿನ ಆಚೆ ಕಡೆ ಕಾಣೋಷ್ಟು ತಿಳಿಯಾದ ನೀರುಪದಾರ್ಥ ಮಾತ್ರ, ಕೆಂಪು, ನೇರಳೆ ಬಣ್ಣದ್ದು ಬೇಡ, ಒಳಗೆ ರಕ್ತದ ಥರ ಕಾಣತ್ತೆ. ಬರೀ ನೀರು ಕುಡಿದ್ಕೊಂಡು ಇರ್ಬೇಡಿ, ಉಪ್ಪು ಸಕ್ಕರೆ ಅಂಶ ಇರೋದು ಮಧ್ಯೆ ಮಧ್ಯೆ ಇರ್ಲಿ, ನಮ್ಮ ಮೈಯಲ್ಲಿ ಮೊದಲೇ ನೀರು, ಉಪ್ಪು ಕಮ್ಮಿ ಇರತ್ತೆ.

ಪೌಡರ್ ಎರಡು ಭಾಗ ಮಾಡಿ ಕೊಡೋದು ಒಳ್ಳೇದು, ಅರ್ಧ ಹಿಂದಿನ ಸಾಯಂಕಾಲ, ಇನ್ನರ್ಧ ಟೆಸ್ಟ್‌ಗೆ 4ರಿಂದ 6 ಗಂಟೆ ಮುಂಚೆ ಶುರು ಮಾಡಿ, ಕಮ್ಮಿ ಅಂದ್ರೂ 2 ಗಂಟೆ ಮುಂಚೆ ಮುಗಿಸೋದು. ಬೆಳಗ್ಗೆ 9ಕ್ಕೆ ಟೆಸ್ಟ್ ಅಂದ್ರೆ ಬೆಳಗಿನ ಜಾವ 4ಕ್ಕೆ ಎದ್ದು ಕುಡೀಬೇಕು, ನಿದ್ದೆ ಹೋಗತ್ತೆ, ಆದ್ರೆ ಒಂದೇ ಸಲಕ್ಕೆ ಕುಡಿದದ್ದಕ್ಕಿಂತ ಎಷ್ಟೋ ಚೆನ್ನಾಗಿ ಕ್ಲೀನ್ ಆಗತ್ತೆ. ನಾನು ಮಾಡೋದು ಹೀಗೆ: ಜಗ್‌ನ ಮಧ್ಯಾಹ್ನವೇ ಕಲಸಿ ಫ್ರಿಜ್ಜಲ್ಲಿ ಇಡ್ತೀನಿ, ತಣ್ಣಗಾದ್ರೆ ಆ ಉಪ್ಪುಪ್ಪು ಸೋಪಿನಂಥ ರುಚಿ ಅರ್ಧ ಗೊತ್ತಾಗಲ್ಲ, ಸ್ಟ್ರಾ ಹಾಕಿ ನಾಲಿಗೆ ಹಿಂದಕ್ಕೆ ಇಟ್ಕೊಂಡು ಹೀರ್ತೀನಿ, ಒಂದು ಗ್ಲಾಸ್ ಆದ್ಮೇಲೆ ಗಡಿಯಾರ ನೋಡಿ 15 ನಿಮಿಷ ಬಿಟ್ಟು ಇನ್ನೊಂದು. ಓಕರಿಕೆ ಬಂದ್ರೆ ಅರ್ಧ ಗಂಟೆ ನಿಲ್ಲಿಸಿ ನಾಲ್ಕು ಹೆಜ್ಜೆ ನಡೆದು ಮತ್ತೆ ನಿಧಾನಕ್ಕೆ ಶುರು ಮಾಡಿ, ವಾಂತಿ ಮಾಡ್ಕೊಂಡು ಎಲ್ಲಾ ಹೊರಗೆ ಹಾಕೋದಕ್ಕಿಂತ ತಡ ಆದ್ರೂ ಪರವಾಗಿಲ್ಲ.

ಹಿಂಭಾಗದ ಚರ್ಮದ ಬಗ್ಗೆ ಯಾರೂ ಹೇಳಲ್ಲ. ನಮ್ಮಲ್ಲಿ ಎಷ್ಟೋ ಜನಕ್ಕೆ ಅಲ್ಲಿ ಮೊದಲೇ ಬಿರುಕು, ಫಿಸ್ಟುಲಾ (ಕರುಳಿಂದ ಚರ್ಮಕ್ಕೆ ತೆರ್ಕೊಂಡಿರೋ ತೂತು) ಇರತ್ತೆ, ಇಪ್ಪತ್ತು ಸಲ ಹೋದ್ಮೇಲೆ ನೀರು ತಾಕಿದ್ರೂ ಜೀವ ಹೋದಂಗಾಗತ್ತೆ. ಮೊದಲ ಗ್ಲಾಸ್ ಕುಡಿಯೋ ಮುಂಚೇನೇ ಪೆಟ್ರೋಲಿಯಂ ಜೆಲ್ಲಿ ಅಥವಾ ಜಿಂಕ್ ಇರೋ ಕ್ರೀಮ್ ದಪ್ಪಗೆ ಹಚ್ಕೊಳ್ಳಿ, ಪ್ರತಿ ಸಲ ತೊಳೆದ್ಮೇಲೆ ಮತ್ತೆ ಹಚ್ಚಿ. ಉಜ್ಜಬೇಡಿ, ಉಗುರುಬೆಚ್ಚಗಿನ ನೀರಲ್ಲಿ ತೊಳೆದು ಮೆತ್ತನೆ ಬಟ್ಟೆ ಒತ್ತಿ ಒಣಗಿಸಿ. ಉರಿ ಶುರು ಆದ್ಮೇಲೆ ಹಚ್ಚಿದ್ರೆ ಅಷ್ಟು ಉಪಯೋಗ ಇಲ್ಲ.

ಸಾಕಷ್ಟು ಕ್ಲೀನ್ ಆಯ್ತಾ ಅಂತ ಗೊತ್ತಾಗೋದು ಹೇಗೆ ಅಂದ್ರೆ, ಕೊನೇಲಿ ಹೋಗೋದು ಮೂತ್ರದ ಥರ ತಿಳಿ ಹಳದಿ ಇದ್ದು ಕಮೋಡ್ ತಳ ಕಾಣಬೇಕು. ಕಂದು ಬಣ್ಣದಲ್ಲೇ ಇದ್ರೆ ಹೊರಡೋ ಮುಂಚೆ ಫೋನ್ ಮಾಡಿ ತಿಳಿಸಿ.

ಮಾತ್ರೆಗಳ ವಿಷಯ ಒಂದ್ಸಲ ಕೂತು ಪಟ್ಟಿ ಮಾಡಿ. ಸ್ಟಿರಾಯ್ಡ್ ತಗೋತಿದ್ರೆ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸ್ಬೇಡಿ, ತುಂಬ ದಿನದಿಂದ ತಗೋತಿರೋರು ಇದ್ದಕ್ಕಿದ್ದಂಗೆ ಬಿಟ್ರೆ ಬಿಪಿ ಬಿದ್ದು ಅಪಾಯ ಆಗಬಹುದು, ಅವತ್ತು ಬೆಳಗ್ಗೆ ಹೇಗೆ ತಗೋಬೇಕು ಅಂತ ಕೇಳಿ. ರಕ್ತ ತೆಳು ಮಾಡೋ ಮಾತ್ರೆ, ಶುಗರ್ ಮಾತ್ರೆ, ಇನ್ಸುಲಿನ್ ಇದ್ರೆ ಪ್ರತಿಯೊಂದಕ್ಕೂ ಬೇರೆ ಬೇರೆ ಲೆಕ್ಕ, ಬರೆಸ್ಕೊಳ್ಳಿ. ಪೌಡರ್ ಶುರು ಮಾಡೋಕೆ ಮುಂಚಿನ ಒಂದು ಗಂಟೆ ಒಳಗೆ ನುಂಗಿದ ಮಾತ್ರೆ ಹೀರ್ಕೊಳ್ಳದೇ ಹಾಗೇ ಕೊಚ್ಕೊಂಡು ಹೋಗಬಹುದು, ಅದಕ್ಕೆ ಟೈಮ್ ನೋಡಿ ತಗೊಳ್ಳಿ.

ಟೆಸ್ಟ್ ದಿನ ಎಡಮಗ್ಗುಲಲ್ಲಿ ಮಲಗಿಸ್ತಾರೆ, ಕೈಗೆ ಸೂಜಿ ಹಾಕಿ ಮಂಪರು ಬರಿಸ್ತಾರೆ, ಸಾಮಾನ್ಯವಾಗಿ ಅರ್ಧ ಮುಕ್ಕಾಲು ಗಂಟೇಲಿ ಮುಗಿಯತ್ತೆ. ಮಲಗೋ ಮುಂಚೆ ನಾನು ಮೂರು ಕೇಳ್ತೀನಿ. ಸಣ್ಣ ಕರುಳಿನ ಕೊನೆ ಭಾಗಕ್ಕೂ ಹೋಗಿ ನೋಡ್ತೀರಾ, ಯಾಕಂದ್ರೆ ಕ್ರೋನ್ಸ್ ಹೆಚ್ಚಾಗಿ ಕೂರೋದೇ ಅಲ್ಲಿ. ಕರುಳು ಉಬ್ಬಿಸೋಕೆ ಗಾಳಿ ಬದಲು ಕಾರ್ಬನ್ ಡೈಆಕ್ಸೈಡ್ ಬಿಡ್ತೀರಾ, ಅದನ್ನ ಮೈ ಬೇಗ ಹೀರ್ಕೊಳ್ಳತ್ತೆ, ಆಮೇಲೆ ಹೊಟ್ಟೆ ಉಬ್ಬರ, ನುಲಿತ ಕಮ್ಮಿ. ನನಗೆ ಕೆಳಗಡೆ ಫಿಸ್ಟುಲಾ ಇದೆ, ತೆಳ್ಳನೆ ಸ್ಕೋಪ್ ಹಾಕೋಕಾಗತ್ತಾ. ಯಾರೂ ಇದಕ್ಕೆ ಬೇಜಾರು ಮಾಡ್ಕೊಂಡಿಲ್ಲ. ಬಯಾಪ್ಸಿಗೆ ಚೂರು ತೆಗೆಯೋದು ಗೊತ್ತೇ ಆಗಲ್ಲ, ಒಳಪದರಕ್ಕೆ ಕತ್ತರಿಸಿದ ನೋವು ತಿಳಿಯಲ್ಲ, ಕರುಳು ಉಬ್ಬಿ ಎಳೆದಾಗ ಮಾತ್ರ ನೋವು. ಚೆನ್ನಾಗಿ ಕಾಣೋ ಜಾಗದಿಂದಲೂ ತೆಗೀತಾರೆ, ಹತ್ತು ಚೂರು ತೆಗೆದ್ರಂತೆ ಅಂತ ಗಾಬರಿ ಬೇಡ.

ದೊಡ್ಡ ಕರುಳಲ್ಲಿ ಕಾಯಿಲೆ ಶುರುವಾಗಿ 8 ವರ್ಷ ಆದವರಿಗೆ ಕ್ಯಾನ್ಸರ್ ಮುನ್ಸೂಚನೆ ಏನಾದ್ರೂ ಇದ್ಯಾ ಅಂತ ನೋಡೋಕೆ ಬೇರೆ ಕೊಲೊನೋಸ್ಕೋಪಿ ಶುರು ಮಾಡ್ತಾರೆ, ಆಮೇಲೆ ಅಪಾಯ ನೋಡಿ 1ರಿಂದ 5 ವರ್ಷಕ್ಕೊಮ್ಮೆ. ಲಿವರ್‌ನ ಪಿಎಸ್‌ಸಿ (ಪಿತ್ತನಾಳ ಊದಿ ಕಿರಿದಾಗೋ) ಕಾಯಿಲೆನೂ ಇರೋರಿಗೆ ಅದು ಗೊತ್ತಾದಾಗಿಂದಲೇ ಪ್ರತಿ ವರ್ಷ. ಇದನ್ನ ಆದಷ್ಟು ಕಾಯಿಲೆ ತಣ್ಣಗಿದ್ದಾಗಲೇ ಮಾಡಿಸ್ಬೇಕು, ಕೆಂಪಗೆ ಊದಿರೋ ಕರುಳಲ್ಲಿ ಬದಲಾವಣೆ ಯಾವುದು ಉರಿಯೂತ ಯಾವುದು ಹೇಳೋದು ಕಷ್ಟ. ಚೆನ್ನಾಗಿದೀನಲ್ಲ ಈಗ್ಯಾಕೆ ಅಂತ ದಯವಿಟ್ಟು ತಪ್ಪಿಸ್ಬೇಡಿ, ಚೆನ್ನಾಗಿದ್ದಾಗಲೇ ಇದು.

ಎಂಆರ್ ಎಂಟರೋಗ್ರಫಿ ಅನ್ನೋ ಎಂಆರ್‌ಐ ಸ್ಕ್ಯಾನ್, ಸ್ಕೋಪ್ ತಲುಪದ ಸಣ್ಣ ಕರುಳು ನೋಡೋಕೆ. ರೇಡಿಯೇಷನ್ ಇಲ್ಲ, ವರ್ಷಗಟ್ಟಲೆ ಸ್ಕ್ಯಾನ್ ಮಾಡಿಸ್ಕೊಳ್ಳೋ ನಮಗೆ ಸಿಟಿಗಿಂತ ಇದೇ ಮೇಲು. ಅಲ್ಲಿ ಹೋದ್ಮೇಲೆ 1 ಲೀಟರ್ ಅಥವಾ ಅದಕ್ಕಿಂತ ಹೆಚ್ಚು ಸಿಹಿ ದ್ರವ 45 ನಿಮಿಷದಿಂದ ಒಂದು ಗಂಟೇಲಿ ಕುಡಿಸ್ತಾರೆ, ಕರುಳು ತುಂಬಿ ಬಿಚ್ಕೊಂಡ್ರೆ ಗೋಡೆ ಚೆನ್ನಾಗಿ ಕಾಣತ್ತೆ. ಕರುಳಿನ ಅಲುಗಾಟ ನಿಲ್ಲಿಸೋಕೆ ಇಂಜೆಕ್ಷನ್ ಕೊಡ್ತಾರೆ, ಗ್ಲಾಕೋಮಾ ಇದ್ರೆ ಮೊದಲೇ ಹೇಳಿ, ಕಿಡ್ನಿ ತೊಂದರೆ ಇದ್ರೂ ಹೇಳಿ, ಚಿತ್ರ ಚೆನ್ನಾಗಿ ಕಾಣ್ಲಿ ಅಂತ ಕಾಂಟ್ರಾಸ್ಟ್ ಅನ್ನೋ ಔಷಧಿ ಕೊಡ್ತಾರೆ. ಆಮೇಲೆ ಒಂದೆರಡು ಗಂಟೆ ಭೇದಿ ಗ್ಯಾರಂಟಿ, ಟಾಯ್ಲೆಟ್ ಎಲ್ಲಿದೆ ಅಂತ ಮೊದಲೇ ನೋಡಿ ಇಟ್ಕೊಳ್ಳಿ, ಒಂದು ಜೊತೆ ಬಟ್ಟೆ ಬ್ಯಾಗಲ್ಲಿ ಇರ್ಲಿ, ತಕ್ಷಣ ದೂರ ಹೊರಡ್ಬೇಡಿ.

ಒಳಗಿನ ಫೋಟೋ ತೆಗೀತಾ ಹೋಗೋ ಕ್ಯಾಮೆರಾ ಕ್ಯಾಪ್ಸೂಲ್ ನುಂಗೋದು ಸುಖ, ಆದ್ರೆ ಕಿರಿದಾದ ಜಾಗದಲ್ಲಿ ಅದು ಸಿಕ್ಕಿಹಾಕ್ಕೊಂಡ್ರೆ ತೆಗೆಯೋಕೆ ಆಪರೇಷನ್ ಬೇಕಾಗಬಹುದು. ಕ್ರೋನ್ಸ್ ಇರೋರಿಗೆ ಮೊದಲು ಕರಗೋ ಡಮ್ಮಿ ಕ್ಯಾಪ್ಸೂಲ್ ಕೊಟ್ಟೋ ಸ್ಕ್ಯಾನ್ ಮಾಡಿಯೋ ದಾರಿ ಇದ್ಯಾ ಅಂತ ನೋಡ್ತಾರೆ, ಆ ಮಾತು ಬರ್ಲಿಲ್ಲ ಅಂದ್ರೆ ನೀವೇ ಎತ್ತಿ. ಕ್ಯಾಪ್ಸೂಲ್ ಹೊರಗೆ ಹೋಗಿದೆ ಅಂತ ಗ್ಯಾರಂಟಿ ಆಗೋವರೆಗೂ ಎಂಆರ್‌ಐ ಮಾಡಿಸ್ಬಾರ್ದು.

ಕೊಲೊನೋಸ್ಕೋಪಿ ಆದ್ಮೇಲೆ ಅವತ್ತು ಗಾಡಿ ಓಡಿಸ್ಬೇಡಿ, ಒಬ್ಬರು ಜೊತೆಗಿರ್ಲಿ. ಗ್ಯಾಸ್, ಸ್ವಲ್ಪ ನೋವು, ಬಯಾಪ್ಸಿ ಮಾಡಿದ್ರೆ ಒಂಚೂರು ರಕ್ತ ಸಹಜ. ಹೊಟ್ಟೆ ನೋವು ಏರ್ತಾನೇ ಹೋದ್ರೆ, ಹೊಟ್ಟೆ ಕಲ್ಲಿನಂಗೆ ಗಟ್ಟಿಯಾದ್ರೆ, ಜ್ವರ ಬಂದ್ರೆ, ರಕ್ತ ಗಡ್ಡೆಗಡ್ಡೆಯಾಗಿ ಹೋದ್ರೆ ನೇರ ಎಮರ್ಜೆನ್ಸಿಗೆ ಹೋಗಿ, ಇದು ನಂಗೆ ಯಾವಾಗಲೂ ಬರೋ ನೋವೇ ಅಂತ ಮನೇಲಿ ಕೂರ್ಬೇಡಿ. ನೋವು ಸಹಿಸಿ ಅಭ್ಯಾಸ ಆಗಿರೋ ನಾವೇ ತಡ ಮಾಡೋದು.

ಡಾಕ್ಟರ್ ಎಲ್ಲಾ ಹೇಳಿರ್ತಾರೆ, ಮತ್ತಿನಲ್ಲಿ ನಿಮಗೆ ಒಂದೂ ನೆನಪಿರಲ್ಲ, ಜೊತೇಲಿ ಬಂದವರಿಗೆ ಬರ್ಕೊಳ್ಳೋಕೆ ಹೇಳಿ. ರಿಪೋರ್ಟ್, ಫೋಟೋ, ಆಮೇಲೆ ಬರೋ ಬಯಾಪ್ಸಿ ಕಾಗದ ಎಲ್ಲಾ ಒಂದೊಂದು ಕಾಪಿ ಇಸ್ಕೊಂಡು ತಾರೀಖಿನ ಪ್ರಕಾರ ಒಂದೇ ಫೈಲಿಗೆ ಹಾಕಿ, ಮೇಲುಗಡೆ ಒಂದು ಹಾಳೆ ಅಂಟಿಸಿ, ಯಾವ ಪೌಡರ್ ಕುಡಿದ್ರಿ, ಎಷ್ಟು ಕ್ಲೀನ್ ಆಗಿತ್ತು, ಯಾವ ಮಾತ್ರೆ ಎಷ್ಟು ದಿನ ನಿಲ್ಲಿಸಿದ್ರಿ ಅಂತ ಬರೆದಿಡಿ. ಮುಂದಿನ ಸಲ ಹೊಸ ಡಾಕ್ಟರ್ ಸಿಕ್ರೆ ಆ ಹಾಳೆನ ಮೊದಲು ಅವರ ಕೈಗೆ ಕೊಡಿ.