ಗುಜರಿ ಮಾರುತಿ 800 ತಂದು ಮನೇಲೇ ಓಪನ್-ವೀಲ್ ಕಾರ್ ಕಟ್ಟೋದು ಹೇಗೆ

ಓಪನ್-ವೀಲ್ ಅಂದ್ರೆ ಗೊತ್ತಲ್ಲ, ಮಡ್‌ಗಾರ್ಡ್ ಇಲ್ದೆ ನಾಲ್ಕೂ ಚಕ್ರ ಬಾಡಿಯಿಂದ ಹೊರಗೆ ಕಾಣೋ, ಒಬ್ರೇ ಕೂರೋ ರೇಸ್ ಕಾರ್ ಥರದ್ದು. ಮನೆ ಹಿಂದಿನ ಶೆಡ್‌ನಲ್ಲಿ ಅದನ್ನ ಕಟ್ಟೋಕೆ ಏನೂ ಅಡ್ಡಿಲ್ಲ, ಆದ್ರೆ ರೋಡಿಗೆ ಇಳಿಸೋ ಹಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ, ಹಾಗಾಗಿ ಕಾರವಾರದ ಕೆಎ-30 ಆಗ್ಲಿ ಶಿರಸಿಯ ಕೆಎ-31 ಆಗ್ಲಿ ನಂಬರ್ ಪ್ಲೇಟ್ ಆಸೆ ಈಗ್ಲೇ ಬಿಟ್ಬಿಡಿ. ಬೀಚಲ್ಲಿ ಓಡಿಸ್ತೇನೆ ಅನ್ನೋರೂ ಇದಾರೆ, ಬೇಡ ಮಾರಾಯ್ರೆ, ನಮ್ಮ ಕಡೆ ಬೀಚಿಗೆ ಆಮೆ ಮೊಟ್ಟೆ ಇಡೋಕೆ ಬರ್ತವೆ, ಮತ್ತೆ ಉಪ್ಪು ಮರಳು ಬೇರಿಂಗ್ ಒಳಗೆ ಹೋದ್ರೆ ಗಾಡಿ ಕಥೆ ಮುಗೀತು. ಕೊಯ್ಲಾದ ಸ್ವಂತ ಗದ್ದೆ, ಇಲ್ಲಾ ಗುರುತಿನವರ ಖಾಲಿ ಜಾಗ, ಅಷ್ಟೇ.

ಇದೇನು ಹುಚ್ಚು ಐಡಿಯಾ ಅಲ್ಲ. 1946ರಲ್ಲಿ ಇಂಗ್ಲೆಂಡಲ್ಲಿ ಚಾರ್ಲ್ಸ್ ಕೂಪರ್, ಜಾನ್ ಕೂಪರ್ ಅಂತ ಅಪ್ಪ-ಮಗ ಫಿಯೆಟ್ ಟೊಪೊಲಿನೋ ಕಾರಿನ ಎರಡು ಮುಂಭಾಗ ತಗೊಂಡು ಒಂದನ್ನ ಮುಂದೆ, ಇನ್ನೊಂದನ್ನ ಹಿಂದೆ ಜೋಡಿಸಿ, ಡ್ರೈವರ್ ಬೆನ್ನ ಹಿಂದೆ 500 ಸಿಸಿ ಬೈಕ್ ಇಂಜಿನ್ ಇಟ್ಟು ರೇಸ್ ಕಾರ್ ಮಾಡಿದ್ರು, ಆಮೇಲೆ 1959ರಲ್ಲಿ ಅದೇ ಕೂಪರ್ ಕಂಪನಿಯ ಹಿಂದೆ ಇಂಜಿನ್ ಇರೋ ಕಾರಲ್ಲಿ ಜ್ಯಾಕ್ ಬ್ರಾಬಮ್ ಫಾರ್ಮುಲಾ ಒನ್ ಚಾಂಪಿಯನ್ ಆದ. ನಮ್ಮಲ್ಲೂ ಕೊಯಮತ್ತೂರಿನ ಎಸ್. ಕರಿವರ್ಧನ್ ಮಾರುತಿ 800 ಇಂಜಿನ್ ಹಾಕಿ ಒಂಟಿ ಸೀಟಿನ ರೇಸ್ ಕಾರ್ ಮಾಡಿದ್ರು, ಅಲ್ಲಿನ ಕರಿ ಮೋಟಾರ್ ಸ್ಪೀಡ್‌ವೇಗೆ ಅವರದ್ದೇ ಹೆಸರು. ನಾನು ಕೆಳಗೆ ಹೇಳೋದೂ ಕೂಪರ್ ದಾರಿನೇ, ಎರಡು 800ರ ಎರಡು ಮುಂಭಾಗ, ಒಂದು ಇಂಜಿನ್ ಸಮೇತ ಹಿಂದೆ, ಇನ್ನೊಂದು ಇಂಜಿನ್ ಇಲ್ದೆ ಮುಂದೆ.

800 ಯಾಕೆ ಅಂದ್ರೆ ಪಾರ್ಟ್ಸ್ ಅಂಕೋಲಾ, ಕುಮಟಾ, ಹೊನ್ನಾವರ ಎಲ್ಲಾ ಕಡೆ ಸಿಗ್ತದೆ, 796 ಸಿಸಿ ಮೂರು ಸಿಲಿಂಡರ್ ಇಂಜಿನ್ ಯಾವ ಮೆಕ್ಯಾನಿಕ್ ಬೇಕಾದ್ರೂ ಕಣ್ಣು ಮುಚ್ಚಿ ಬಿಚ್ತಾನೆ, ಇಂಜಿನ್ ಗೇರ್‌ಬಾಕ್ಸ್ ಎರಡೂ ಅಡ್ಡಕ್ಕೆ ಒಂದೇ ಗಂಟಾಗಿ ಇರ್ತವೆ. 37 ಹಾರ್ಸ್‌ಪವರ್ ಏನು ಮಹಾ ಅನ್ಬೇಡಿ, ಕಾರ್ ತೂಕ ಸುಮಾರು 650 ಕೆಜಿ, ಬಾಡಿ ಕಿತ್ತು ಹಾಕಿದ ಮೇಲೆ ಅದೇ ಇಂಜಿನ್ ಎಳೀಬೇಕಾದ ಭಾರ ಎಷ್ಟೋ ಕಡಿಮೆ. ಓಮ್ನಿ ತಗೊಂಡ್ರೆ ಹಿಂದಿನ ಚಕ್ರ ಓಡೋದು ರೆಡಿಮೇಡ್ ಸಿಗ್ತದೆ ನಿಜ, ಆದ್ರೆ ಡ್ರೈವರ್ ಕೆಳಗೆ ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯೋ ಉದ್ದದ ಪ್ರೊಪೆಲ್ಲರ್ ಶಾಫ್ಟ್ ಹಾದು ಹೋಗ್ತದೆ, ಸೀಟು ಎತ್ತರ ಆಗ್ತದೆ, ಹಿಂದಿನ ಗಟ್ಟಿ ಆಕ್ಸಲ್ ಭಾರ ಬೇರೆ. ನಂಗೆ ಅದು ಸೇರಲ್ಲ.

ಗಾಡಿ ಹುಡುಕುವಾಗ ಎಲ್ರೂ ಘಟ್ಟದ ಮೇಲಿನದ್ದೇ ಬೇಕು ಅಂತಾರೆ, ಶಿರಸಿ ಸಿದ್ದಾಪುರ ಗಾಡಿಗೆ ತುಕ್ಕು ಕಡಿಮೆ ಅಂತ. ಈ ಕೆಲಸಕ್ಕೆ ಲೆಕ್ಕ ಉಲ್ಟಾ. ಬಾಡಿ ಹೇಗೂ ಗುಜರಿಗೇ ಹೋಗೋದು, ಹಾಗಾಗಿ ಉಪ್ಪು ಗಾಳಿಗೆ ಫ್ಲೋರ್ ತೂತು ಬಿದ್ದ ಕರಾವಳಿ ಗಾಡಿ ಅಗ್ಗಕ್ಕೆ ಸಿಕ್ಕಿದ್ರೆ ಕಣ್ಣು ಮುಚ್ಚಿ ತಗೊಳ್ಳಿ, ಇಂಜಿನ್ ಕಂಪ್ರೆಷನ್ (ಸಿಲಿಂಡರ್ ಒಳಗೆ ಪಿಸ್ಟನ್ ಕಟ್ಟೋ ಒತ್ತಡ) ಮಾತ್ರ ಮೂರೂ ಸಿಲಿಂಡರಲ್ಲಿ ಹತ್ತಿರ ಹತ್ತಿರ ಇರ್ಬೇಕು, ಗೇರ್ ಎಲ್ಲಾ ಬೀಳ್ಬೇಕು, ನಕಲ್ (ಚಕ್ರವನ್ನ ಹೊತ್ತು ಸ್ಟೇರಿಂಗ್ ಜೊತೆ ತಿರುಗೋ ಕಬ್ಬಿಣದ ತುಂಡು) ಮತ್ತೆ ಹಬ್ (ಚಕ್ರ ಬೋಲ್ಟ್ ಆಗೋ ಗುಂಬ) ಬಿರುಕು ಬಿಟ್ಟಿರ್ಬಾರ್ದು. ಆರ್‌ಸಿ ಇಲ್ಲದ ಗಾಡಿ ಮುಟ್ಬೇಡಿ. ಮಾರೋ ಮಾಲೀಕರ ಕೈಲೇ ಆರ್‌ಟಿಓದಲ್ಲಿ ಆರ್‌ಸಿ ರದ್ದು ಮಾಡಿಸಿ ಆ ಕಾಗದ ಇಟ್ಕೊಳ್ಳಿ, ನಾಳೆ ಯಾರಾದ್ರೂ ಕೇಳಿದ್ರೆ ತೋರಿಸೋಕೆ ಅದೊಂದೇ ಇರೋದು.

ಈಗ ಮುಖ್ಯ ವಿಷ್ಯ. ಗುಜರಿಯಿಂದ ಏನು ಬೇಕಾದ್ರೂ ತನ್ನಿ, ಆದ್ರೆ ನಿಲ್ಸೋದು, ತಿರುಗಿಸೋದು, ತಲೆ ಉಳಿಸೋದು ಈ ಮೂರಕ್ಕೆ ಸಂಬಂಧಪಟ್ಟ ಸವೆಯೋ ಸಾಮಾನು ಒಂದೂ ಹಳೇದು ಬೇಡ. ಬ್ರೇಕ್ ಹೋಸು, ಕ್ಯಾಲಿಪರ್ ಸೀಲು, ಮಾಸ್ಟರ್ ಸಿಲಿಂಡರ್ ಕಿಟ್ಟು, ಬಾಲ್ ಜಾಯಿಂಟು (ನಕಲನ್ನ ಕೆಳಗೆ ಹಿಡಿಯೋ ಗುಂಡು ಕೀಲು), ಟೈ ರಾಡ್ ಎಂಡು (ಚಕ್ರ ತಿರುಗಿಸೋ ಸ್ಟೇರಿಂಗ್ ಕಡ್ಡಿಯ ತುದಿ ಕೀಲು), ಪೆಟ್ರೋಲ್ ಪೈಪು, ಟೈರು, ಬೆಲ್ಟು, ಹೆಲ್ಮೆಟ್ಟು ಎಲ್ಲಾ ಹೊಸದು. ಇಂಜಿನ್ ಕೈಕೊಟ್ರೆ ತಳ್ಕೊಂಡು ಬರಬಹುದು, ಬಾಲ್ ಜಾಯಿಂಟ್ ಕಳಚಿದ್ರೆ ಆಸ್ಪತ್ರೆ.

ಬಿಚ್ಚೋ ಮೊದ್ಲು ಅಳತೆ ತಗೊಳ್ಳಿ, ಗ್ಯಾಸ್ ಕಟರ್ ಆಮೇಲೆ. ಇಂಜಿನ್ ಮೌಂಟ್‌ಗಳು, ಸ್ಟ್ರಟ್ (ಸ್ಪ್ರಿಂಗ್, ಶಾಕ್ ಎರಡೂ ಇರೋ ಕಂಬ) ಮೇಲಿನ ತುದಿ, ಲೋವರ್ ಆರ್ಮ್ (ಚಕ್ರವನ್ನ ಕೆಳಗಿಂದ ಹಿಡಿಯೋ ಕಡ್ಡಿ) ಒಳಗಿನ ಬೋಲ್ಟ್, ಗೇರ್‌ಬಾಕ್ಸಿಂದ ಚಕ್ರಕ್ಕೆ ಹೋಗೋ ಡ್ರೈವ್ ಶಾಫ್ಟ್ ಯಾವ ಕೋನದಲ್ಲಿದೆ, ಎಲ್ಲಾ ನೆಲದಿಂದ ಮತ್ತೆ ಮಧ್ಯದ ದಾರದಿಂದ ಎಷ್ಟು ದೂರ ಅಂತ ಬರ್ಕೊಳ್ಳಿ, ಫೋಟೋ ಸಾಕಾಗಲ್ಲ. 800ರ ಲೋವರ್ ಆರ್ಮ್ ಒಂಟಿ ಕಡ್ಡಿ, ಅದು ಹಿಂದೆ ಮುಂದೆ ಓಡಾಡದ ಹಾಗೆ ಹಿಡಿಯೋದು ಸ್ಟೆಬಿಲೈಸರ್ ಬಾರ್, ಇದು ಗೊತ್ತಿಲ್ದೆ ಬಾರ್ ಬಿಸಾಡಿದ್ರೆ ಬ್ರೇಕ್ ಹೊಡೆದಾಗ ಚಕ್ರ ಹಿಂದಕ್ಕೆ ಮಡಚ್ತದೆ. ಒಂದೋ ಬಾರ್ ಸಮೇತ ಕೂರ್ಸಿ, ಇಲ್ಲಾ ಎರಡು ಕಡೆ ಹಿಡ್ಕೊಳ್ಳೋ ತ್ರಿಕೋನದ ಆರ್ಮ್ ಹೊಸದಾಗಿ ಮಾಡಿ.

ಇಂಜಿನ್ ಗಂಟನ್ನ ಹಾಗೇ ಹಿಂದಕ್ಕೆ ಸರಿಸ್ಬೇಕು, ತಿರುಗಿಸಿ ಇಡ್ಬಾರ್ದು. ಗೇರ್ ರಾಡ್ ಮುಂದಕ್ಕೆ ಬರ್ಲಿ ಅಂತ 180 ಡಿಗ್ರಿ ತಿರುಗಿಸಿದ್ರೆ ಫಸ್ಟ್ ಗೇರಿಂದ ಟಾಪ್ ಗೇರ್ ತನಕ ಎಲ್ಲಾ ಹಿಂದಕ್ಕೇ ಓಡ್ತದೆ, ರಿವರ್ಸ್ ಒಂದೇ ಮುಂದಕ್ಕೆ. ಸರಿಯಾಗಿ ಇಟ್ಟಾಗ ಗೇರ್ ರಾಡ್ ಡ್ರೈವರಿಂದ ದೂರ, ಗಾಡಿ ಬಾಲದ ಕಡೆ ಮುಖ ಮಾಡಿರ್ತದೆ, ಅದನ್ನ ಒಂದು ಬೆಲ್‌ಕ್ರ್ಯಾಂಕ್ (ಎಳೆತದ ದಿಕ್ಕು ಬದಲಾಯಿಸೋ ಮೂಲೆ ಲಿವರ್) ಹಾಕಿ ಪಕ್ಕದಿಂದ ಮುಂದೆ ತರ್ಬೇಕು, ಈ ಲಿಂಕೇಜ್ ಮಾಡೋಕೆ ಇಂಜಿನ್ ಕೂರ್ಸೋದಕ್ಕಿಂತ ಜಾಸ್ತಿ ತಲೆ ಖರ್ಚಾಗ್ತದೆ. ಇನ್ನೊಂದು, ಈಗ ಹಿಂದೆ ಬಂದಿರೋ ಚಕ್ರಗಳು ಮೊದ್ಲು ಸ್ಟೇರಿಂಗ್‌ಗೆ ತಿರುಗ್ತಿದ್ದವು, ಟೈ ರಾಡ್ ಜಾಗದಲ್ಲಿ ಅಡ್ಜಸ್ಟ್ ಆಗೋ ಗಟ್ಟಿ ಲಿಂಕ್ ಹಾಕಿ ಫ್ರೇಮಿಗೆ ಲಾಕ್ ಮಾಡ್ಲೇಬೇಕು.

ಫ್ರೇಮಿಗೆ 25 ಮಿಮೀ ಚೌಕ ಪೈಪ್. 1.6 ಮಿಮೀ ದಪ್ಪ ಸಾಕು ಅಂತಾರೆ, ಆದ್ರೆ ಆರ್ಕ್ ವೆಲ್ಡಿಂಗಲ್ಲಿ ಕೈ ಪಳಗದವ್ರು 2 ಮಿಮೀ ತಗೊಳ್ಳಿ, ಸ್ವಲ್ಪ ತೂಕ ಹೆಚ್ಚಾದ್ರೂ ತೂತು ಬೀಳಲ್ಲ. ಎಲ್ಲಿ ಚೌಕ ಕಾಣ್ತದೋ ಅಲ್ಲಿ ಓರೆಯಾಗಿ ಒಂದು ಪೈಪ್ ಹಾಕಿ ತ್ರಿಕೋನ ಮಾಡಿ, ಅದಿಲ್ದಿದ್ರೆ ಚೌಕ ಅಂದ್ರೆ ಮಡಚೋ ಮಂಚ ಅಷ್ಟೇ. ವೀಲ್‌ಬೇಸ್ (ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ) 800ರಲ್ಲಿ 2175 ಮಿಮೀ, ಅದರ ಆಸುಪಾಸೇ ಇಟ್ರೆ ಕಾಲು ಚಾಚೋಕೂ ಜಾಗ ಆಗ್ತದೆ. ಶಿರಸಿ ಕಡೆಯವ್ರು ಅಡಿಕೆ ಅಂಗಳ ಉಂಟಲ್ಲ, ಸಪಾಟಾಗಿದೆ, ಅಲ್ಲೇ ಕಟ್ತೇನೆ ಅಂತಾರೆ, ಆ ಅಂಗಳ ಸಪಾಟಲ್ಲ, ನೀರು ಹರಿದು ಹೋಗ್ಲಿ ಅಂತ ಇಳಿಜಾರು ಕೊಟ್ಟಿರ್ತಾರೆ, ಅದರ ಮೇಲೆ ಅಳತೆ ಹಿಡಿದ್ರೆ ಫ್ರೇಮೂ ಸೊಟ್ಟ. ಎರಡು ಸಿ-ಚಾನಲ್ ತಂದು ಮೇಸ್ತ್ರಿಗಳ ನೀರಿನ ಪೈಪ್ ಲೆವಲಲ್ಲಿ ಸಮ ಮಾಡಿ ಅದನ್ನೇ ಟೇಬಲ್ ಮಾಡ್ಕೊಳ್ಳಿ. ಮೊದ್ಲು ಇಡೀ ಫ್ರೇಮ್ ಬರೀ ಟ್ಯಾಕ್ (ಚುಕ್ಕೆ ವೆಲ್ಡ್), ಮೂಲೆಯಿಂದ ಮೂಲೆಗೆ ಓರೆ ಅಳತೆ ಎರಡೂ ಒಂದೇ ಬಂದ ಮೇಲೆ ಫುಲ್ ವೆಲ್ಡಿಂಗ್, ಅದೂ ಒಂದೇ ಕಡೆ ಎಳೀತಾ ಹೋಗ್ದೆ ಎದುರು ಬದುರು ಮೂಲೆ ಬದಲಾಯಿಸ್ತಾ.

ವೆಲ್ಡಿಂಗಿಗೆ 6013 ರಾಡ್, 2.5 ಮಿಮೀ, 60ರಿಂದ 75 ಆಂಪಿಯರ್. ಹೆಸ್ಕಾಂ ಕರೆಂಟ್ ಸಂಜೆ ಹೊತ್ತಿಗೆ ಹಳ್ಳಿ ಕಡೆ ವೋಲ್ಟೇಜ್ ಬಿದ್ರೆ ಆರ್ಕ್ ಸರಿ ನಿಲ್ಲಲ್ಲ, ಮುಖ್ಯ ಜಾಯಿಂಟ್‌ಗಳನ್ನ ಹಗಲಲ್ಲೇ ಮುಗಿಸಿ. ಮಳೆಗಾಲದಲ್ಲಿ ರಾಡ್ ಪ್ಯಾಕೆಟ್ ನೀರು ಹೀರ್ಕೊಂಡು ವೆಲ್ಡಲ್ಲಿ ಗುಳ್ಳೆ ಬರ್ತದೆ, ಬಚ್ಚಲ ಒಲೆ ಮೇಲಿನ ಅಟ್ಟದಲ್ಲಿ ಇಟ್ಕೊಳ್ಳಿ, ಅಡಿಕೆ ಜೊತೆ ಅದೂ ಒಣಗ್ಲಿ. ಗೇಟ್ ಮಾಡೋ ಅಂಗಡಿಲಿ ಉಳಿದ ಜಿಐ (ಸತು ಲೇಪದ) ಪೈಪ್ ಸಿಗ್ತದೆ ಅಂತ ಆಸೆ ಬೀಳ್ಬೇಡಿ, ಅದರ ಸತುವಿನ ಹೊಗೆ ಕುಡಿದ್ರೆ ಆ ರಾತ್ರಿ ಚಳಿ ಜ್ವರ ಗ್ಯಾರಂಟಿ.

ರೋಲ್ ಹೂಪ್, ಅಂದ್ರೆ ಗಾಡಿ ಮಗುಚಿದ್ರೆ ತಲೆ ಉಳಿಸೋ ಪೈಪಿನ ಕಮಾನು, ಅದರ ವಿಷ್ಯದಲ್ಲಿ ನಾನು ಯಾರ ಮಾತೂ ಕೇಳಲ್ಲ. ಕೋಲ್ಡ್ ಡ್ರಾನ್ ಸೀಮ್‌ಲೆಸ್ (ತಣ್ಣಗೆ ಎಳೆದು ಮಾಡಿದ, ಬೆಸುಗೆ ಗೆರೆ ಇಲ್ಲದ) ಪೈಪೇ ಆಗ್ಬೇಕು, ಅಂತರರಾಷ್ಟ್ರೀಯ ಕಾರ್ ರೇಸ್ ಸಂಸ್ಥೆ ಎಫ್‌ಐಎ ನಿಯಮದಲ್ಲಿ ಮುಖ್ಯ ಹೂಪಿಗೆ 45 ಮಿಮೀ ವ್ಯಾಸ 2.5 ದಪ್ಪ ಅಥ್ವಾ 50 ಮಿಮೀ 2 ದಪ್ಪ ಕನಿಷ್ಠ, ಅದನ್ನೇ ಹಿಡ್ಕೊಳ್ಳಿ. ಇದು ನಮ್ಮ ಊರಲ್ಲಿ ಸಿಗೋದು ಕಷ್ಟ, ಹುಬ್ಬಳ್ಳಿಯಿಂದ ತರಿಸಿ, ಬೆಂಡ್ ಕೂಡ ಅಲ್ಲೇ ಮಷೀನಲ್ಲಿ ಮಾಡಿಸ್ಕೊಂಡು ಬನ್ನಿ, ಮರಳು ತುಂಬಿ ಮರಕ್ಕೆ ಸಿಕ್ಸಿ ಬಗ್ಗಿಸಿದ್ರೆ ಒಳಬದಿ ಸುಕ್ಕು ಬರ್ತದೆ, ಬಡಿತ ಬಿದ್ದಾಗ ಮುರಿಯೋದೂ ಅಲ್ಲೇ. ಒಂದೇ ಪೈಪಲ್ಲಿ ಇಡೀ ಹೂಪ್, ನಡುವೆ ಜಾಯಿಂಟ್ ಇಲ್ಲ, ಹೆಲ್ಮೆಟ್ ಹಾಕಿ ಕೂತಾಗ ತಲೆಗಿಂತ ಕಡಿಮೆ ಅಂದ್ರೂ 5 ಸೆಂಟಿಮೀಟರ್ ಮೇಲೆ, ಹಿಂದಕ್ಕೆ ಎರಡು ಆಸರೆ ಪೈಪು ಸಾಕಷ್ಟು ಓರೆಯಾಗಿ. ಐದು ಇಲ್ಲಾ ಆರು ಪಾಯಿಂಟ್ ಬೆಲ್ಟ್, ಭುಜದ ಪಟ್ಟಿ ಹಿಂದೆ ಕಟ್ಟೋ ಪೈಪ್ ಭುಜದ ಮಟ್ಟಕ್ಕೆ ಅಥ್ವಾ ಸ್ವಲ್ಪ ಕೆಳಗೆ, ತೀರಾ ಕೆಳಗೆ ಕಟ್ಟಿದ್ರೆ ಗುದ್ದಿದಾಗ ಬೆನ್ನುಮೂಳೆ ಮೇಲೆ ಒತ್ತಡ. ಸೀಟಿಗೂ ಇಂಜಿನ್ನಿಗೂ ನಡುವೆ ತಗಡಿನ ಗೋಡೆ ಮರೀಬೇಡಿ.

ಮುಂದಿನ ಚಕ್ರಕ್ಕೆ ಎರಡನೇ ಗಾಡಿಯ ನಕಲ್. ಇಲ್ಲಿ ಡ್ರೈವ್ ಶಾಫ್ಟ್ ಬೇಡ, ಆದ್ರೂ ಹೊರಗಿನ ಸಿವಿ ಜಾಯಿಂಟಿನ (ಡ್ರೈವ್ ಶಾಫ್ಟಿನ ಚಕ್ರದ ಕಡೆ ತುದಿಯಲ್ಲಿರೋ ಬಾಗೋ ಕೀಲು) ಮೂತಿ ಕತ್ತರಿಸಿ ಹಬ್ಬಲ್ಲೇ ಬಿಡ್ಬೇಕು, ಯಾಕಂದ್ರೆ ಬೇರಿಂಗನ್ನ ಬಿಗಿಯಾಗಿ ಹಿಡ್ಕೊಂಡಿರೋದು ಆ ಮೂತಿ ಮತ್ತೆ ಅದರ ನಟ್. ಹಳೇ ಸ್ಪ್ರಿಂಗ್ ಹಿಂದೆ ಇಂಜಿನ್ ಭಾರಕ್ಕೆ ಸರಿ ಹೊಂದ್ತದೆ, ಮುಂದೆ ಈಗ ಭಾರವೇ ಇಲ್ಲ, ಅದೇ ಸ್ಪ್ರಿಂಗ್ ಹಾಕಿದ್ರೆ ಅಲುಗಾಡಲ್ಲ, ಅದಕ್ಕಿಂತ ಮೆತ್ತಗಿನ ಸ್ಪ್ರಿಂಗ್ ಹಾಕಿ. ಸ್ಟೇರಿಂಗ್ ರ್‍ಯಾಕ್ ಮೂಲದಲ್ಲಿ ಆಕ್ಸಲ್ಲಿನ ಯಾವ ಬದಿಗೆ ಇತ್ತೋ ಅದೇ ಬದಿಗಿಡಿ, ಆಚೆ ಹಾಕಿದ್ರೆ ಬಲಕ್ಕೆ ತಿರುಗಿಸಿದಾಗ ಎಡಕ್ಕೆ ಹೋಗ್ತದೆ.

ಬ್ರೇಕಲ್ಲಿ ಒಂದು ಮೋಸ ಉಂಟು. 800ಕ್ಕೆ ಮುಂದೆ ಡಿಸ್ಕ್, ಹಿಂದೆ ಡ್ರಮ್. ನಾವು ಎರಡು ಮುಂಭಾಗ ತಂದಿದ್ರಿಂದ ನಾಲ್ಕೂ ಡಿಸ್ಕ್, ಕೇಳೋಕೆ ಚಂದ, ಆದ್ರೆ ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ಬಂದು ಹಿಂದಿನ ಚಕ್ರ ಮೊದ್ಲು ಲಾಕ್ ಆದ್ರೆ ಗಾಡಿ ಗಿರ್ ಅಂತ ತಿರುಗ್ತದೆ. ಹಿಂದಿನ ಲೈನಿಗೆ ಪ್ರೆಷರ್ ಕಡಿಮೆ ಮಾಡೋ ಅಡ್ಜಸ್ಟೇಬಲ್ ವಾಲ್ವ್ ಹಾಕಿ, ಒಣಗಿದ ಗಟ್ಟಿ ನೆಲದಲ್ಲಿ ನಿಧಾನಕ್ಕೆ ಓಡಿಸಿ ಬ್ರೇಕ್ ಹೊಡೀರಿ, ಮುಂದಿನ ಚಕ್ರ ಮೊದ್ಲು ಜಾರೋ ತನಕ ತಿರುಗಿಸ್ತಾ ಹೋಗಿ. ಹ್ಯಾಂಡ್ ಬ್ರೇಕ್ ಇರಲ್ಲ, ನಿಲ್ಸಿದಾಗ ಚಕ್ರಕ್ಕೆ ಕಲ್ಲು ಕೊಡಿ.

ಇಂಜಿನ್ನಿಗೆ ಹಳೇ ಕಾರ್ಬುರೇಟರ್ ಮಾಡೆಲ್ ಆದ್ರೆ ವೈರಿಂಗ್ ತಲೆನೋವಿಲ್ಲ, ಎಂಪಿಎಫ್‌ಐ (ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸೋ ಮಾಡೆಲ್) ಆದ್ರೆ ಇಸಿಯು (ಇಂಜಿನ್ ಕಂಪ್ಯೂಟರ್), ಸೆನ್ಸರ್, ಹಾರ್ನೆಸ್ (ವೈರಿನ ಕಟ್ಟು) ಎಲ್ಲಾ ಅದೇ ಗಾಡಿಯದ್ದೇ ಬೇಕು. ರೇಡಿಯೇಟರ್ ಹಿಂದೆನೇ ಪಕ್ಕಕ್ಕೆ ಗಾಳಿ ಬೀಳೋ ಹಾಗೆ ಫ್ಯಾನ್ ಸಮೇತ ಇಡಿ, ಕೂಲಂಟ್ ತುಂಬೋ ಡಬ್ಬಿ ಇಡೀ ಸಿಸ್ಟಮ್ಮಲ್ಲಿ ಎಲ್ಲಕ್ಕಿಂತ ಎತ್ತರ ಇರ್ಲಿ, ಇಲ್ದಿದ್ರೆ ಗಾಳಿ ಸಿಕ್ಕಿ ಹೆಡ್ ಗ್ಯಾಸ್ಕೆಟ್ ಹೋಗ್ತದೆ. ಬ್ಯಾಟರಿ ಕಟ್-ಆಫ್ ಸ್ವಿಚ್ ಹೊರಗಿನವರ ಕೈಗೂ ಸಿಗೋ ಕಡೆ.

ಮೊದಲ ಸಲ ಓಡಿಸೋವಾಗ ಪೇಂಟ್ ಹೊಡೆದಿರ್ಬಾರ್ದು, ಬರೀ ಕಬ್ಬಿಣಕ್ಕೆ ತೆಳುವಾಗಿ ಎಣ್ಣೆ ಸವರಿ ಸಾಕು. ಸೆಕೆಂಡ್ ಗೇರ್ ದಾಟದೆ ಕೆಲವು ಸುತ್ತು ಹೊಡೆದು, ನಿಲ್ಸಿ, ಸಸ್ಪೆನ್ಷನ್ ಬೋಲ್ಟ್ ಎಲ್ಲಾ ಮತ್ತೆ ಟೈಟ್ ಮಾಡಿ, ಪ್ರತಿ ವೆಲ್ಡನ್ನೂ ಬಟ್ಟೇಲಿ ಒರೆಸಿ ಟಾರ್ಚ್ ಹಾಕಿ ನೋಡಿ, ಕೂದಲೆಳೆಯಷ್ಟು ಬಿರುಕಿದ್ರೂ ಗ್ರೈಂಡ್ ಮಾಡಿ ಮತ್ತೆ ವೆಲ್ಡ್, ಪೇಂಟ್ ಅಡಿಗೆ ಆದ್ರೆ ಅದು ಕಾಣೋದೇ ಇಲ್ಲ. ಎಲ್ಲಾ ಸರಿ ಅನಿಸಿದ ಮೇಲೆ ಎಪಾಕ್ಸಿ ಪ್ರೈಮರ್, ಪೈಪ್ ತುದಿ ಬಾಯಿಗಳನ್ನೆಲ್ಲಾ ತಗಡಿಟ್ಟು ಮುಚ್ಚಿ, ನಮ್ಮ ಗಾಳಿಗೆ ತುಕ್ಕು ಶುರು ಆಗೋದು ಪೈಪ್ ಒಳಗಿಂದ.