ಕೆಎಕ್ಸ್ 155 ರೇಡಿಯೊದ ಅಂಕಿಗಳು ಮಂಕಾದರೆ

ಹಳೆಯ ಸೆಸ್ನಾ ಸಣ್ಣ ವಿಮಾನಗಳಲ್ಲಿ ಸಾಮಾನ್ಯವಾದ ಕಿಂಗ್ ಕೆಎಕ್ಸ್ 155 ರೇಡಿಯೊದ ಕಿತ್ತಳೆ ಅಂಕಿಗಳು ಗ್ಯಾಸ್ ಡಿಸ್ಚಾರ್ಜ್ (ಒಳಗಿನ ಅನಿಲ ಹೊಳೆಯುವ) ಡಿಸ್‌ಪ್ಲೇಯವು. ಮೊದಲು ಮುಂಭಾಗದ ಫೋಟೊಸೆಲ್ (ಬೆಳಕು ಗ್ರಹಿಸುವ ಬಿಂದು) ಒರೆಸಿ, ಅದರ ಮೇಲೆ ಟಾರ್ಚ್ ಬೆಳಕು ಬಿಡಿ. ಅಂಕಿಗಳು ಬೆಳಕಿಗೆ ಪ್ರಖರವಾಗಿ, ಫೋಟೊಸೆಲ್ ಅನ್ನು ಬೆರಳಿಂದ ಮುಚ್ಚಿದಾಗ ಮಂಕಾದರೆ ಡಿಮ್ಮಿಂಗ್ ಸರಿಯಿದೆ.

ಅಂಕಿಯ ಒಂದು ಗೆರೆ ಮಾಯವೇ? ಬಳಕೆಯಲ್ಲಿರುವ ಮತ್ತು ಕಾಯ್ದಿರಿಸಿದ ಎರಡು ಫ್ರೀಕ್ವೆನ್ಸಿಗಳನ್ನು ಅದಲುಬದಲು ಮಾಡಿ. ಕೊರತೆ ಅದೇ ಜಾಗದಲ್ಲಿ ಉಳಿದರೆ ಡಿಸ್‌ಪ್ಲೇ ಅಥವಾ ಅದರ ಡ್ರೈವರ್ (ಅಂಕಿಗಳನ್ನು ಬೆಳಗಿಸುವ ಸರ್ಕ್ಯೂಟ್) ಕೆಟ್ಟಿದೆ. ರೇಡಿಯೊ ಕೇಳಿಸುತ್ತಿದ್ದೂ ಎಲ್ಲ ಅಂಕಿಗಳು ಮಿನುಗಿದರೆ ಡಿಸ್‌ಪ್ಲೇಯ ಹೈವೋಲ್ಟೇಜ್ ಸಪ್ಲೈ ಮೇಲೆ ಅನುಮಾನಪಡಿ. ಒಂದು ಗೆರೆ ಮಾಯವಾದ 8 ಥೇಟ್ 6ರಂತೆ ಕಾಣಬಹುದು. ಅಂಕಿಯನ್ನು ಊಹಿಸಿಕೊಂಡು ವಿಮಾನ ಹಾರಿಸಬೇಡಿ.

ಮಾಸ್ಟರ್ ಸ್ವಿಚ್ ಆರಿಸಿ, 3/32 ಇಂಚಿನ ಅಲೆನ್ ಕೀಯಿಂದ ರೇಡಿಯೊವನ್ನು ಅದು ಕೂರುವ ಟ್ರೇಯಿಂದ ಸಡಿಲಿಸಿ ಹೊರತೆಗೆದು, ಕನೆಕ್ಟರ್ ನೋಡಿ ಮತ್ತೆ ಕೂರಿಸಿ. ಅತಿಯಾಗಿ ಬಿಗಿದರೆ ಲಾಕ್ ಹಾಳಾಗುತ್ತದೆ. ಅಮೆರಿಕದಲ್ಲಿ ಇಷ್ಟನ್ನು ಮಾಲೀಕ-ಪೈಲಟ್ ಮಾಡಿ ಲಾಗ್‌ಬುಕ್ಕಿನಲ್ಲಿ ಬರೆಯಬಹುದು. ಕವಚ ಬಿಚ್ಚುವುದು ಮಾತ್ರ ಪರವಾನಗಿಯಿರುವ ಏವಿಯಾನಿಕ್ಸ್ (ವಿಮಾನದ ಎಲೆಕ್ಟ್ರಾನಿಕ್ಸ್) ಶಾಪಿನ ಕೆಲಸ.